ಖಾನಾವಳಿ ಗುರುಲಿಂಗವ್ವ ಅಜ್ಜನವರಿಗೆ ನೀಡಿದ ರೊಟ್ಟಿ

ಕರೇಕಟ್ಟೆ ಮಠದ ಪೂಜ್ಯ ಶ್ರೀ ನೀಲಲಿಂಗ ಅಜ್ಜನವರು ಗದ್ದುಗೆಯ ಮೇಲೆ ಕೂತದ್ದನ್ನು ನಾನಂತೂ ಕಂಡಿಲ್ಲ. ಯಾವಾಗ ಹೋದರೂ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಹರಿದ ಕಂಬಳಿಗೆ ತೇಪೆ ಹಾಕುತ್ತಿರುತ್ತಿದ್ದರು. ಆದರೆ ನಡೆಯಲು ಎದ್ದರೆಂದರೆ ಕುದುರೆಯೂ ಹಿಂದೆ ಬೀಳಬೇಕು. ಅವರ ಜೋಡಿ ಹೆಜ್ಜೆ ಹಾಕುವ ಗಂಡಸು ಆ ಸೀಮೆಯಲ್ಲಿ ನಾನೊಬ್ಬನೇ ಇದ್ದೆ. ಸುಳ್ಳೆನಿಸಿದರೆ ಆ ಕಾಲದವರನ್ನು ಕೇಳಿರಿ. ಯಾರಾದರೂ ಉಳಿದಿದ್ದರೆ ಹೇಳಿಯಾರು.

ಒಂದು ದಿನ ಮುಂಜಾನೆ ಈರಬಸಪ್ಪ ಎಂಬವನು ಅಳುತ್ತಾ ಬಂದು ಅಜ್ಜನವರ ಪಾದ ಹಿಡಿದ. ಅವನ ಅಕ್ಕ ಗುರುಲಿಂಗವ್ವ ಬಸ್ ನಿಲ್ದಾಣದ ಎದುರಿಗೆ ಖಾನಾವಳಿ ನಡೆಸುತ್ತಿದ್ದವಳು. ಆಕೆಯ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ನಾನು ಒಂದನ್ನು ಕಣ್ಣಿಗೆ ಅಡ್ಡ ಹಿಡಿದು, ಅದರೊಳಗಿಂದಲೇ ಬಸ್ಸಿನ ಬೋರ್ಡು ಓದಿದ್ದೇನೆ. ಅಕ್ಷರ ಬಾರದ ನಾನು ಓದಿದೆನೆಂದರೆ ರೊಟ್ಟಿಯ ಮಹಿಮೆ ನೀವೇ ತಿಳಿಯಿರಿ. ಪಂಕ್ತಿಯ ಕೊನೆಯವನು ಉಂಡು ಕೈ ತೊಳೆಯುವವರೆಗೆ ಆಕೆ ತುತ್ತು ಮುಟ್ಟಿದವಳಲ್ಲ. ಅಂಥವಳಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋಗಿದ್ದವು.

"ಮೊನ್ನಿಯಿಂದ ಬಾಯಿ ತೆರಿಯಂಗಿಲ್ರಿ ಅಜ್ಜಾರ," ಎಂದ ಈರಬಸಪ್ಪ. "ನಾಳೆ ಪಟ್ಟಣಕ್ಕ ಒಯ್ದು ಮೂಗಿನಾಗ ನಳಿಗಿ ಹಾಕಸಬೇಕಂತ. ಒಮ್ಮಿ ಹಾಕಿದರ ಆಮ್ಯಾಲೆ ಆಕಿ ತಾನಾಗಿ ಉಣ್ಣೂದು ಮುಗದಂಗ."

ಅಜ್ಜನವರು ಸೂಜಿಯನ್ನು ಕಂಬಳಿಗೆ ಚುಚ್ಚಿ ಇಟ್ಟರು. "ಉಣ್ಣೂ ಹೊತ್ತಿಗೆ ಬರತೀವಿ, ನಡಿ," ಎಂದರು.

ಮಧ್ಯಾಹ್ನ ನಾವು ಹೋದಾಗ ಬಾಗಿಲಲ್ಲೇ ನನ್ನನ್ನು ತಡೆದವಳು ದ್ರಾಕ್ಷಾಯಣಿ. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡಿಕೊಳ್ಳುವ ಕೆಲಸದವಳು. "ಅಜ್ಜಾರು ಬರಲಿ. ಕಾಕಾ, ನೀವು ಮೊದಲ ಕಾಲ ತೊಳ್ಕೋರಿ. ಅರ್ಧ ಹೊಲ ಹೊತಗೊಂಡು ಬಂದೀರಿ," ಎಂದಳು. ಹುಲಿಗೂ ಕಾಲು ಹಿಂದೆ ಸರಿಸದ ನಾನು ಸುಮ್ಮನೆ ಬಚ್ಚಲಿಗೆ ನಡೆದೆ.

ನಿಜ ಹೇಳಬೇಕೆಂದರೆ ಆಕೆಯ ಕೆಲಸದಲ್ಲಿ ಹೆಸರಿಡುವ ಹಾಗಿರಲಿಲ್ಲ. ಹಾಸಿಗೆ ಹೂವಿನಂತಿತ್ತು, ಗುರುಲಿಂಗವ್ವನ ತಲೆ ಬಾಚಿ ಹೆರಳು ಹಾಕಲಾಗಿತ್ತು. "ಬೆನ್ನಿಗೆ ಒಂದು ಹುಣ್ಣಿಲ್ಲ, ನೋಡ್ರಿ," ಎಂದಳು ದ್ರಾಕ್ಷಾಯಣಿ. "ನಂದೇನೂ ಕಡಿಮಿ ಇಲ್ಲ. ಹಸಿವು ಸತ್ತೈತಿ, ಅಷ್ಟ. ಸಿಟ್ಟಾಗಬ್ಯಾಡ್ರಿ ಅಜ್ಜಾರ, ವಿಭೂತಿ ಹಚ್ಚಿದರ ಹೊಟ್ಟಿ ತುಂಬಂಗಿಲ್ಲ."

"ಖರೆ," ಎಂದು ಅಜ್ಜನವರು ನಕ್ಕು ನೆಲದ ಮೇಲೆ ಕೂತರು.

ದ್ರಾಕ್ಷಾಯಣಿ ಹಾಲಿನಲ್ಲಿ ರೊಟ್ಟಿ ಕಿವುಚಿ ಚಮಚ ಎತ್ತಿದಳು. ಗುರುಲಿಂಗವ್ವನ ಎಡಗೈ ಮೆಲ್ಲಗೆ ಬಟ್ಟಲಿನ ಕಡೆ ಚಾಚಿತು. ದ್ರಾಕ್ಷಾಯಣಿ ಅದನ್ನು ಕೂಸಿನ ಕೈ ಹಿಡಿದಂತೆ ಹಿಡಿದು ಹೊದಿಕೆಯ ಒಳಗೆ ಸರಿಸಿ, "ಎಡಗೈ ಬ್ಯಾಡವ್ವಾ. ಎಲ್ಲಾರಿಗೂ ನೀಡಿದಾಕಿ ನೀನು, ಹಿಂಗ ಎಡಗೈಲೆ ಉಂಡರ ಮಂದಿ ಏನಂದಾರು? ನಾ ತಿನಸತೀನಲ್ಲ," ಎಂದಳು. ಈರಬಸಪ್ಪನೂ "ಹೌದಕ್ಕಾ, ಚಂದ ಕಾಣಂಗಿಲ್ಲ," ಎಂದ. ಗುರುಲಿಂಗವ್ವ ತುಟಿ ಬಿಗಿದು ಮುಖವನ್ನು ಗೋಡೆಗೆ ತಿರುಗಿಸಿದಳು. ಕಣ್ಣಿಂದ ನೀರಿಳಿಯಿತು.

ಅಜ್ಜನವರು ಮನೆಯವರ ಊಟಕ್ಕೆಂದು ಇಟ್ಟಿದ್ದ ರೊಟ್ಟಿ ಬುಟ್ಟಿಯನ್ನೂ ಪಲ್ಯವನ್ನೂ ಆಕೆಯ ಕೈಗೆಟಕುವಂತೆ ಇಟ್ಟು, ಒಂದು ಬರಿದಾದ ತಾಟನ್ನು ಎಳೆದುಕೊಂಡು ಆಕೆಯ ಹಾಸಿಗೆಯ ಪಕ್ಕಕ್ಕೆ ಸರಿದರು. "ಗುರುಲಿಂಗವ್ವಾ, ಹಸಿವಾಗೇತಿ. ನೀಡು."

ಆ ಮಾತಿಗೆ ಆಕೆ ಗಕ್ಕನೆ ಹೊರಳಿದಳು. ಆದರೆ ಮರುಗಳಿಗೆ ಸತ್ತ ಬಲಗೈ ನೋಡಿಕೊಂಡು, ಎಡಗೈಯನ್ನು ತಾನೇ ಇನ್ನಷ್ಟು ಒಳಗೆ ಅಡಗಿಸಿದಳು. ಈರಬಸಪ್ಪ ಗಾಬರಿಯಾದ. "ಅಜ್ಜಾರ, ನಿಮಗ ಎಡಗೈಲೆ ನೀಡಿದರ ನಮ್ಮ ಮನಿತನಕ್ಕ ಪಾಪ ಬರತೈತ್ರಿ!"

ಅಜ್ಜನವರು ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ತೆಗೆದು, ಪೂಜೆಯ ಹೊತ್ತಿನಲ್ಲಿ ಇಟ್ಟುಕೊಳ್ಳುವಂತೆಯೇ ಅಂಗೈಯಲ್ಲಿ ಇಟ್ಟುಕೊಂಡರು. ಆ ಕ್ಷಣ ಓಣಿಯ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು, ನನ್ನ ಕಿವಿಯಾಣೆ.

"ದ್ರಾಕ್ಷಾಯಣಿ, ಇದು ಯಾವ ಕೈ?"

ಆಕೆ ನೋಡಿದಳು. ದಿನಾಲು ತಾನೂ ಲಿಂಗಪೂಜೆ ಮಾಡುವವಳೇ. "ಎಡಗೈ... ರೀ," ಎಂದಳು. ದನಿ ಸಣ್ಣದಾಗಿತ್ತು.

"ಶಿವ ಕುಂದರೂ ಕೈ," ಎಂದರು ಅಜ್ಜನವರು. ಅಷ್ಟೇ. ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಗೆ ಸೇರಿಸಿ ತಾಟು ಮುಂದೆ ಹಿಡಿದು ಕೂತರು.

ಹೊದಿಕೆ ಅಲುಗಿತು. ಗುರುಲಿಂಗವ್ವನ ಎಡಗೈ ಹೊರಗೆ ಬಂತು. ಬುಟ್ಟಿಯಿಂದ ಎತ್ತಿದ ರೊಟ್ಟಿ ಅರ್ಧ ಮುರಿದು ನೆಲಕ್ಕೆ ಬಿತ್ತು. ಪಲ್ಯ ಬಡಿಸುವಾಗ ಅರ್ಧ ಅಜ್ಜನವರ ತೊಡೆಯ ಮೇಲೆ. ಒರೆಸಲೆಂದು ದ್ರಾಕ್ಷಾಯಣಿ ಮುಂದಾದಾಗ ಅಜ್ಜನವರು ಕಣ್ಣಿನಲ್ಲೇ ಬೇಡವೆಂದರು. ತೊಡೆಯ ಮೇಲಿನದನ್ನೂ ಬಳಿದುಕೊಂಡು ಉಂಡರು. ಬಳಿಕ ಆಕೆ ತಮ್ಮನಿಗೆ ನೀಡಿದಳು. ಅವನು ಅಳುತ್ತಲೇ ಉಂಡ. ನನಗೂ ನೀಡಿದಳು. ನಾನು ಎಷ್ಟು ರೊಟ್ಟಿ ಉಂಡೆನೆಂದು ಹೇಳುವುದಿಲ್ಲ, ಯಾರೂ ನಂಬುವುದಿಲ್ಲ.

ಕೊನೆಗೆ ಆ ಕೈ ದ್ರಾಕ್ಷಾಯಣಿಯ ಕಡೆ ತಿರುಗಿತು. ಆಕೆ ಚಮಚ ಕೆಳಗಿಟ್ಟು ಎರಡೂ ಅಂಗೈ ಒಡ್ಡಿದಳು. ಅವಳು ತಿಂದು ಮುಗಿಸುವವರೆಗೂ ಗುರುಲಿಂಗವ್ವ ಕಾದಳು. ಖಾನಾವಳಿಯಲ್ಲಿ ಗಿರಾಕಿಯ ಮುಖ ನೋಡುತ್ತಿದ್ದಂತೆಯೇ ನೋಡಿದಳು. ಎಲ್ಲರದೂ ಆಯಿತೆಂದು ಖಾತ್ರಿಯಾದ ಮೇಲೆ ಒಂದು ಚೂರು ಮುರಿದು ತನ್ನ ಬಾಯಿಗೆ ಒಯ್ದಳು. ದಾರಿಯಲ್ಲಿ ಕೈ ತಡವರಿಸಿತು. ದ್ರಾಕ್ಷಾಯಣಿಯ ಕೈ ಸಹಾಯಕ್ಕೆಂದು ಏಳುತ್ತಿದ್ದುದು ನಡುವೆಯೇ ನಿಂತಿತು. ಚೂರು ಬಾಯಿ ಸೇರಿತು. ಮತ್ತೊಂದು ಸೇರಿತು. ಪಟ್ಟಣಕ್ಕೆ ಹೋಗುವ ಗಾಡಿಯನ್ನು ಬೇಡವೆನ್ನಲು ಈರಬಸಪ್ಪ ಹೊರಗೆ ಓಡಿದ.

ಅಜ್ಜನವರು ಎದ್ದಾಗ ದ್ರಾಕ್ಷಾಯಣಿ ಅವರ ಪಾದಕ್ಕೆ ಬಾಗಿದಳು. "ಅಜ್ಜಾರ, ನಾ ಇಷ್ಟು ದಿನ ಮೈ ಒಂದ ತೊಳದೆ," ಎಂದಳು. ಪೂಜ್ಯರು ಒಂದು ಹೆಜ್ಜೆ ಹಿಂದೆ ಸರಿದು ಹಾಸಿಗೆಯ ಕಡೆ ಬೆರಳು ತೋರಿದರು. "ಅಲ್ಲಿ," ಎಂದರು.

ಆಕೆ ಹೋಗಿ ಗುರುಲಿಂಗವ್ವನ ಕಾಲಿಗೆ ಹಣೆ ಹಚ್ಚಿದಳು. ಪಲ್ಯ ಮೆತ್ತಿದ ಎಡಗೈ ಬಂದು ಆಕೆಯ ತಲೆಯ ಮೇಲೆ ಕೂತಿತು. ಅಷ್ಟು ಶುಚಿಯ ಹೆಣ್ಣುಮಗಳು, ತಲೆ ಎತ್ತಲಿಲ್ಲ.