ಒಣಮರದ ಕೇಸರಿ

ಹೂಗಾರರ ಕಲ್ಲಪ್ಪ ಹಿಮಾಲಯದ ಕಾಡಿಗೆ ಹೋದದ್ದು ಮೋಕ್ಷಕ್ಕಲ್ಲ. ಅಷ್ಟು ದೊಡ್ಡ ಆಸೆ ಅವನಿಗಿರಲಿಲ್ಲ.

ಅಲ್ಲಿ ನದಿಯ ದಂಡೆಯ ಆಶ್ರಮದಲ್ಲಿ ಅವನ ಸೀಮೆಯವರೇ ಆದ ಮುದುಕ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು. ಕಲ್ಲಪ್ಪ ಅವರ ಕಾಲಿಗೆ ಬಿದ್ದ.

"ಅಜ್ಜಾರ, ಮೂವತ್ತು ವರ್ಷ ಹೂ ಕಟ್ಟೇನ್ರಿ. ಈಗ ಹೂ ಕಂಡ್ರ ಹೂ ಕಾಣೂದಿಲ್ಲ, ಮೊಳ ಕಾಣ್ತದ. ದೇವರ ಮುಂದ ನಿಂತ್ರೂ ಮೈ ಜುಮ್ ಅನ್ನೂದಿಲ್ಲ. ಒಳಗ ಒಣಗೇನ್ರಿ."

"ಏನ್ ಬೇಕು ನಿನಗ?"

"ಒಂದ್ಸಲ ಬೆರಗಾಗಬೇಕ್ರಿ. ಒಂದ ಸಲ ಸಾಕು."

ಅಜ್ಜ ಮೂಲೆಯಲ್ಲಿದ್ದ ಕೊಡಲಿ ತೋರಿಸಿದರು.

"ಕಟಗಿ ತಾ. ಬಿದ್ದ ಮರದ್ದ ತರಬೇಕು, ನಿಂತ ಮರ ಮುಟ್ಟಬ್ಯಾಡ. ಪೂಜಿಗೆ ದಿನಾ ಒಂದು ಹೂವೂ ತಾ."

ಕಟ್ಟಿಗೆಗೇನೂ ಬರವಿರಲಿಲ್ಲ. ಬಿದ್ದ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿಯುವುದು, ಟಣ್ ಎಂದರೆ ಕಡಿಯುವುದು, ಬೊದ್ ಎಂದರೆ ಒಳಗೆ ಕೊಳೆತು ಲಡ್ಡಾಗಿದೆಯೆಂದು ಕಾಲಲ್ಲಿ ಒದ್ದು ಮುಂದೆ ಹೋಗುವುದು.

ಪೇಚಾಟವೆಲ್ಲ ಹೂವಿನದು. ದೇವದಾರು ಕಾಡಿನ ನೆಲದ ಮೇಲೆ ಬರೀ ಸೂಜಿಯಂಥ ಎಲೆ. ಬೇಸಿಗೆ ಕಳೆಯಿತೆಂದರೆ ಹೂವಿನ ಮಾತೇ ಇಲ್ಲ. ಊರಿಗೆಲ್ಲ ಹೂ ಮುಡಿಸಿದವನು ಒಂದು ಹೂವಿಗಾಗಿ ಕಾಡೆಲ್ಲ ಅಲೆದ. ಬರಿಗೈಲಿ ಬಂದಾಗ ಅಜ್ಜ ಬೈಯುತ್ತಿರಲಿಲ್ಲ. "ನಾಳಿ ನೋಡು" ಎನ್ನುತ್ತಿದ್ದರು, ಅಷ್ಟೇ.

ಹೀಗೇ ಮೂರು ವರ್ಷ ಕಳೆಯಿತು. ಕಲ್ಲಪ್ಪನಿಗೆ ಸಾಕಾಯಿತು.

"ಅಜ್ಜಾರ, ಹಿಮ ಬಿದ್ರ ದಾರಿ ಮುಚ್ತದ. ನಾಳಿ ಮಧ್ಯಾಹ್ನದೊಳಗ ಇಳದು ಹೋಗ್ತೇನ್ರಿ. ಗೊಡ್ಡಾಕಳಿಗೆ ಎಷ್ಟು ಹಿಂಡಿ ಹಾಕಿದ್ರೇನ್ರಿ?"

"ಹೋಗು. ನಾಳಿನ ಹೂ ತಂದಿಟ್ಟು ಹೋಗು."

ಆ ವಾರವೆಲ್ಲ ಜಿನುಗು ಮಳೆ ಹಿಡಿದಿತ್ತು. ಬೆಳಿಗ್ಗೆ ಹೊರಟ ಕಲ್ಲಪ್ಪ, ತಾನು ಎಷ್ಟೋ ಸಲ ಒದ್ದು ದಾಟಿದ್ದ ಒಂದು ಲಡ್ಡು ಮರದ ಮುಂದೆ ನಿಂತುಬಿಟ್ಟ.

ಮರದ ಮೇಲೆ ಏನೋ ಇತ್ತು. ಅದಕ್ಕೆ ಎಸಳಿಲ್ಲ, ದೇಟಿಲ್ಲ, ಎಲೆಯಿಲ್ಲ. ಅಂಗೈಯಗಲದ ಕೇಸರಿ ಬಣ್ಣ, ಮಡಿಕೆ ಮಡಿಕೆಯಾಗಿ ಉಬ್ಬಿ, ಬೆರಳು ತಾಗಿಸಿದರೆ ಹಲ್ವದ ಹಾಗೆ ನಡುಗುತ್ತಿತ್ತು. ಕಪ್ಪಗೆ ಕೊಳೆತ ಆ ತೊಗಟೆಯೊಳಗೆ ಯಾರೋ ದೀಪ ಹಚ್ಚಿಟ್ಟು ಹೋಗಿದ್ದಾರೆನ್ನಿಸಿತು.

ಕಲ್ಲಪ್ಪನ ಉಸಿರು ನಿಂತಿತು. ತೋಳಿನ ಕೂದಲೆಲ್ಲ ನಿಮಿರಿದವು. ಮೊಳದ ನೆನಪೇ ಆಗಲಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು, ಕೈ ಹೂಗಾರನದು. ಕಣ್ಣು ಇನ್ನೂ ನೋಡುತ್ತಿರುವಾಗಲೇ ಅದನ್ನು ಕಿತ್ತಾಗಿತ್ತು.

ಆಶ್ರಮಕ್ಕೆ ಬಂದರೆ ಅಜ್ಜ ಸ್ನಾನಕ್ಕೆ ನದಿಗೆ ಹೋಗಿದ್ದರು. ಕಲ್ಲಪ್ಪ ಅದನ್ನು ಪೂಜೆಯ ತಟ್ಟೆಯಲ್ಲಿಟ್ಟ. ಚಳಿಗೆ ಬಾಡೀತೆಂದು ತಟ್ಟೆಯನ್ನು ಬೆಂಕಿಯ ಮಗ್ಗುಲಿಗೆ ಸರಿಸಿ, ಕಟ್ಟಿಗೆ ಸೀಳಲು ಹೋದ.

ಅಜ್ಜ ಬಂದು ಕರೆದಾಗ ತಟ್ಟೆಯಲ್ಲಿ ಉಳಿದಿದ್ದದ್ದು ಉಗುರಿನಷ್ಟು ಕಂದು ಹಕ್ಕಳೆ.

ಕಲ್ಲಪ್ಪ ಅದನ್ನು ಬೆರಳಿಂದ ಮುಟ್ಟಿ ನೋಡಿದ.

"ಕೊಂದ್ನಿರಿ ಅಜ್ಜಾರ. ಜೀವಮಾನದಾಗ ಒಂದ್ಸಲ ಬೆರಗಾದೆ. ಅದನ್ನೂ ಈ ಕೈಲೇ ಕೊಂದೆ."

"ಸತ್ತದ ಅಂತ ಯಾರು ಹೇಳಿದ್ರು?"

"ನೋಡ್ರಲಾ, ಒಣಗೇದ."

"ಒಣಗೇದ, ಖರೆ. ಸತ್ತದೇನು?"

"ನನಗೇನು ತಿಳೀತದ್ರಿ?"

"ಹಂಗಾದ್ರ ನೀರನ್ನ ಕೇಳು."

ಅಜ್ಜ ಕಮಂಡಲದ ನೀರನ್ನು ತಟ್ಟೆಗೆ ಸುರಿದರು.

ಕಲ್ಲಪ್ಪ ತಟ್ಟೆಯ ಮುಂದೆ ಕೂತ. ಮಧ್ಯಾಹ್ನವಾಯಿತು. ಇನ್ನು ಹೊರಡದಿದ್ದರೆ ಇಂದು ಇಳಿಯುವಂತಿಲ್ಲ. ಕಟ್ಟಿಟ್ಟಿದ್ದ ಗಂಟು ಬಾಗಿಲಲ್ಲೇ ಇತ್ತು. ಅವನು ಏಳಲಿಲ್ಲ.

ಮೊದಲು ಒಂದು ಅಂಚು ಮೆತ್ತಗಾಯಿತು. ಆಮೇಲೆ ಒಂದು ಮಡಿಕೆ ಬಿಚ್ಚಿತು. ಕಂದು ಬಣ್ಣದೊಳಗಿಂದ ಎಲ್ಲೋ ಕೇಸರಿ ಎದ್ದು ಬಂತು. ಸಂಜೆಯ ಹೊತ್ತಿಗೆ ತಟ್ಟೆಯ ತುಂಬ ಅದೇ ಉಬ್ಬು, ಅದೇ ನಡುಕ, ಅದೇ ಬೆಳಕು.

ಕಲ್ಲಪ್ಪನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ.

"ಅಜ್ಜಾರ, ಏನ್ರಿ ಇದು?"

"ಅಣಬಿ."

"ಅಷ್ಟೇನ್ರಿ?"

"ಅಷ್ಟ."

ಹಾಗೆಂದರೂ ಅಜ್ಜನ ದನಿ ತಗ್ಗಿತ್ತು. ಐವತ್ತು ಚಳಿಗಾಲ ಆ ಕಾಡಿನಲ್ಲಿ ಕಳೆದವರು, ಅವರೂ ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅಜ್ಜ ಪೂಜೆಗೆ ಕೂತಾಗ ತಟ್ಟೆ ಖಾಲಿಯಿತ್ತು, ಕಲ್ಲಪ್ಪನೂ ಇರಲಿಲ್ಲ. ಹೊರಗೆ ಹಿಮ ಬೀಳತೊಡಗಿತ್ತು.

ತುಸು ಹೊತ್ತಿಗೆ ಅವನು ಒಳಗೆ ಬಂದ. ಮೊಣಕಾಲಿಗೆಲ್ಲ ಕೆಸರು, ಹೆಗಲ ಮೇಲೆ ಹಿಮ. ಬಾಗಿಲಲ್ಲಿದ್ದ ಗಂಟನ್ನು ಒಳಗೆ ತಂದು ಗೂಟಕ್ಕೆ ತೂಗುಹಾಕಿದ.

ಅಜ್ಜ ಕೈ ಚಾಚಿದರು. "ಹೂ ಎಲ್ಲೋ, ಹೂಗಾರ?"

ಕಲ್ಲಪ್ಪ ಬರಿಗೈ ತೋರಿಸಿದ. "ಅದರ ಮರದ ಮ್ಯಾಲ ಐತ್ರಿ. ಅಲ್ಲೇ ಇಟ್ಟು ಬಂದೆ."

ಅಜ್ಜ ಪೂಜೆಯ ಮಣೆಯಿಂದ ಎದ್ದರು.

"ಹಂಗಾದ್ರ ಪೂಜಿ ಆತು."