ಸೇತುವೆಯ ಮೇಲೆ ಬಿದ್ದ ಮೂವರು

ಶಿಷ್ಯ ಕೇಳಿದ: “ಗುರುಗಳೇ, ನಾನು ನಡೆಸುವ ಕತೆಯಾಟದಲ್ಲಿ ಒಬ್ಬ ಯೋಧನಿದ್ದಾನೆ, ಒಬ್ಬ ಮಂತ್ರವಾದಿ ಇದ್ದಾನೆ. ಮಂತ್ರವಾದಿ ಒಂದೇ ಮಾತಿಗೆ ಬೆಟ್ಟ ಸೀಳುತ್ತಾನೆ. ಯೋಧನ ಬಳಿ ಇರುವುದು ಒಂದು ಕತ್ತಿ. ಯೋಧನಾಗಿ ಆಡುವವನು ಈಚೆಗೆ ಮುಖ ಸಪ್ಪೆ ಮಾಡಿಕೊಂಡು ಕೂರುತ್ತಾನೆ. ಇಬ್ಬರೂ ಸಮನಾಗಬೇಕಾದರೆ ಅವನಿಗೆ ಎಷ್ಟು ಬಲ ಕೊಡಬೇಕು?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಮೇಜಿನ ಮೇಲೆ ಒಂದು ನಕ್ಷೆ ಹರಡುತ್ತಿದ್ದ. ಮೂವರು ಬಂದು ಸುತ್ತ ಕೂರುತ್ತಿದ್ದರು. ಪ್ರತಿಯೊಬ್ಬರೂ ಒಬ್ಬೊಬ್ಬ ವೀರನ ಪಾತ್ರ ವಹಿಸಿ, ತಾವು ಮಾಡುವುದೇನೆಂದು ಹೇಳಿ ದಾಳ ಹಾಕುತ್ತಿದ್ದರು. ದಾಳ ನೋಡಿ, ಮುಂದೇನಾಯಿತೆಂದು ಹೇಳುವುದು ಗಡಿಯಾರದವನ ಕೆಲಸ. ಊರ ಆಸ್ಪತ್ರೆಯ ನರ್ಸ್ ಮಂತ್ರವಾದಿನಿಯಾಗಿದ್ದಳು. ಶಾಲೆಯ ಮೇಷ್ಟ್ರು ಕಳ್ಳನಾಗಿದ್ದರು. ಒಬ್ಬ ಬಡಗಿ ಯೋಧನಾಗಿದ್ದ.

ಆಟ ಮೂರು ವರ್ಷ ನಡೆಯಿತು. ಮಂತ್ರವಾದಿನಿ ವರ್ಷ ವರ್ಷಕ್ಕೂ ಹೊಸ ಮಂತ್ರ ಕಲಿತಳು. ಯೋಧ ಮೊದಲ ದಿನ ಬೀಸಿದ ಕತ್ತಿಯನ್ನೇ ಬೀಸುತ್ತಿದ್ದ. ಬಡಗಿ ತಡವಾಗಿ ಬರತೊಡಗಿದ. ಒಂದು ಭಾನುವಾರ, ಹೊರಡುವಾಗ, ಇನ್ನು ಬರುವುದಿಲ್ಲವೆಂದ.

“ಯಾಕೆ?” ಎಂದು ಗಡಿಯಾರದವನು ಕೇಳಿದ.

“ನಾನಿದ್ದರೂ ಇಲ್ಲದಿದ್ದರೂ ನಿಮ್ಮ ಆಟ ನಡೆಯುತ್ತದೆ ಯಜಮಾನರೇ.”

ಗಡಿಯಾರದವನ ಮನಸ್ಸಿಗೆ ಚುಚ್ಚಿತು. ಬಡಗಿ ಮಾತು ಕಡಿಮೆಯ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಅವನು ನಾಲ್ಕು ಜನರ ನಡುವೆ ಕೂರುತ್ತಿದ್ದುದು ಈ ಮೇಜಿನ ಮುಂದೆ ಮಾತ್ರ. ತಪ್ಪು ಆಟದ ನಿಯಮದಲ್ಲಿದೆ ಎಂದುಕೊಂಡ ಗಡಿಯಾರದವನು ಒಂದು ತಿಂಗಳ ಗಡುವು ಕೇಳಿದ.

ಆ ತಿಂಗಳು ಅವನು ಒಬ್ಬನೇ ಕೂತು ಸಾವಿರ ಸಲ ದಾಳ ಹಾಕಿದ. ಯಾವ ವೀರ ಎಷ್ಟು ಹೊಡೆಯುತ್ತಾನೆ, ಎಷ್ಟು ತಾಳುತ್ತಾನೆ ಎಂದು ಬರೆದುಕೊಂಡ. ದೊಡ್ಡ ಮಂತ್ರ ಹಾಕಿದ ಮೇಲೆ ಮಂತ್ರವಾದಿನಿ ಒಂದು ಸುತ್ತು ಸುಮ್ಮನಿರಬೇಕೆಂದು ಮಾಡಿದ. ಯೋಧನಿಗೆ ಒಂದು ವಿಶೇಷ ಶಕ್ತಿ ಕೊಟ್ಟ: ದಿನಕ್ಕೊಮ್ಮೆ ಒಂದೇ ಏಟಿಗೆ ಮೂವರನ್ನು ಕೆಡವಬಹುದು. ಮತ್ತೆ ಲೆಕ್ಕ ಹಾಕಿದ. ಮೂವರು ವೀರರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿದ್ದರು. ಕೆಟ್ಟ ಗಡಿಯಾರ ಮತ್ತೆ ಟಿಕ್ ಎಂದಾಗಿನ ಖುಷಿ ಅವನಿಗಾಯಿತು.

ಮುಂದಿನ ಆಟದಲ್ಲಿ ಶತ್ರುಗಳು ಸೇತುವೆಗೆ ಅಡ್ಡ ನಿಂತರು. ಯೋಧ ಮುಂದೆ ಬಂದ. ಬಡಗಿ ಹೊಸ ಶಕ್ತಿ ಬಳಸುವೆನೆಂದು ಹೇಳಿ ದಾಳ ಹಾಕಿದ. ಒಳ್ಳೆಯ ಗರ ಬಿತ್ತು.

“ಮೂವರು ಬಿದ್ದರು,” ಎಂದ ಗಡಿಯಾರದವನು, ಮತ್ತು ನರ್ಸ್ ಕಡೆ ತಿರುಗಿದ. ಅವಳು ಒಂದು ಸಣ್ಣ ಮಂತ್ರದಿಂದ ಬೆಳಕು ಹಚ್ಚಿದಳು. ಬೆಳಕು ಯಾವ ಬಣ್ಣದ್ದು, ಅದರಲ್ಲಿ ಅವಳಿಗೆ ಏನು ಕಂಡಿತು, ಅವಳ ಮನಸ್ಸಿಗೆ ಏನನ್ನಿಸಿತು ಎಂದು ಅವನು ಒಂದೊಂದಾಗಿ ಕೇಳಿದ. ಅವಳು ಹೇಳುತ್ತಾ ಹೋದಳು. ಬಡಗಿ ದಾಳಗಳನ್ನು ಮೇಜಿನ ನಡುವಿಗೆ ಸರಿಸಿ ಕೈಕಟ್ಟಿ ಕೂತ.

ಮರುವಾರ ಅವನು ಬರಲಿಲ್ಲ.

ಗಡಿಯಾರದವನು ತನ್ನ ಲೆಕ್ಕದ ಪಟ್ಟಿ ಹಿಡಿದು ಅವನ ಕೆಲಸದ ಕೊಟ್ಟಿಗೆಗೆ ಹೋದ. ಬಡಗಿ ಒಂದು ಬಾಗಿಲಿಗೆ ಉಜ್ಜುಗೊರಡು ಹೊಡೆಯುತ್ತಿದ್ದ. ಕೆಲಸ ನಿಲ್ಲಿಸಿ ಪಟ್ಟಿಯನ್ನು ಕೊನೆಯವರೆಗೂ ಓದಿದ. ಸರಿಯಾಗಿದೆ ಎಂದು ಹಿಂದಕ್ಕೆ ಕೊಟ್ಟ.

“ಸರಿಯಾಗಿದ್ದರೆ ಮತ್ತೇಕೆ ಬರಲಿಲ್ಲ?”

ಬಡಗಿ ಮರದ ಮೇಲೆ ಕೈಯಾಡಿಸಿದ. “ನನ್ನ ಯೋಧನಿಗೆ ಒಬ್ಬ ತಮ್ಮ ಇದ್ದಾನೆ, ಶತ್ರು ಸೈನ್ಯ ಸೇರಿದ್ದಾನೆ ಅಂತ ಮೊದಲನೇ ದಿನವೇ ಹೇಳಿದ್ದೆ. ನೀವು ಬರೆದುಕೊಂಡಿರಿ. ಮೂರು ವರ್ಷ ನಾನು ಅವನನ್ನೇ ಹುಡುಕಿಕೊಂಡು ಬಂದೆ. ಸೇತುವೆ ಮೇಲೆ ನಡುವೆ ನಿಂತವನು ಅವನೇ ಅಂತ, ಕತ್ತಿ ಬೀಸಿದ ಮೇಲೆ ನನಗೆ ಅನ್ನಿಸಿತು. ಹೇಳಬೇಕು ಅಂತ ಬಾಯಿ ತೆರೆದೆ. ನೀವು ಆಗಲೇ ಆ ಕಡೆ ತಿರುಗಿದ್ದಿರಿ.”

ಗಡಿಯಾರದವನು ಪಟ್ಟಿ ಮಡಚಿ ಜೇಬಿಗಿಟ್ಟ. ಮರದ ಹೊಟ್ಟಿನ ಮೇಲೆಯೇ ಕೂತು, ಆ ತಮ್ಮ ಮನೆ ಬಿಟ್ಟು ಹೋದದ್ದು ಯಾಕೆಂದು ಕೇಳಿದ. ಬಡಗಿ ಹೇಳತೊಡಗಿದ. ಬಾಗಿಲ ಕೆಲಸ ಅಂದು ಅಷ್ಟಕ್ಕೇ ನಿಂತಿತು.

ಮುಂದಿನ ಭಾನುವಾರ ಯೋಧ ಸೇತುವೆಯ ಮೇಲೆ ಮೊಣಕಾಲೂರಿ ಒಂದು ಹೆಣದ ಮುಖ ತಿರುಗಿಸಿ ನೋಡಿದ. ಆ ಮಧ್ಯಾಹ್ನವೆಲ್ಲ ಆಟ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಮಂತ್ರವಾದಿನಿ ಒಂದೂ ಮಂತ್ರ ಹಾಕಲಿಲ್ಲ. ಯಾರಿಗೂ ಬೇಸರವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಯೋಧನಿಗೆ ಬಲ ಕೊಡುವುದೇ ಬೇಡವೇ?” ಎಂದು ಶಿಷ್ಯ ಕೇಳಿದ.

“ಕೊಡು. ಲೆಕ್ಕ ತಪ್ಪಿದ ಆಟವನ್ನು ಯಾರೂ ಬಹಳ ದಿನ ಆಡುವುದಿಲ್ಲ. ಎಷ್ಟು ಕೊಡಬೇಕೆಂದು ಈಗಲೇ ಹೇಳುತ್ತೇನೆ, ಬರೆದುಕೋ.”

ಶಿಷ್ಯ ಲೇಖನಿ ತೆಗೆದ.

ಗುರುಗಳು ಕೇಳಿದರು: “ನಿನ್ನ ಆಟದ ಆ ಯೋಧನ ಹೆಸರೇನು?”