ಬಿಳಿ ಮರಿಗೆ ಕಾಡಿಗೆ ಬೊಟ್ಟು

ಬಹಳ ಹಿಂದೆ, ನಿನ್ನಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಲಗಮವ್ವ ಅಂತ ಒಬ್ಬಳಿದ್ದಳಂತೆ. ನಾಯಿಮರಿ ಸಾಕಿ ಕುರಿಗಾರರಿಗೆ ಕೊಡೋದು ಅವಳ ಮನೆತನದ ಕೆಲಸ. ಆ ಮನೇಲಿ ಒಂದು ಪದ್ಧತಿ ಇತ್ತು. ಮರಿ ಎರಡು ತಿಂಗಳು ತಾಯಿ ಹತ್ತಿರಾನೇ ಇರಬೇಕು, ಅಷ್ಟರಲ್ಲಿ ಜನರ ಭಯ ಬಿಡೋಕೆ ಮೂರು ಮಡಿಲು ಕಾಣಬೇಕು. ಒಂದು ಮುದುಕರದು, ಒಂದು ಗುರುತಿಲ್ಲದವರದು, ಒಂದು ಮಕ್ಕಳದು. ಆಮೇಲೇನೇ ಹೊಸಿಲು ದಾಟೋದು.

ಒಂದು ಸಲ ಅವಳ ನಾಯಿ ಕೆಂಚಿ ಮೂರು ಮರಿ ಹಾಕ್ತಂತೆ, ಎರಡು ಕಂದು, ಒಂದು ಅಚ್ಚ ಬಿಳಿ. ಅಂಥಾ ಚೆಂದದ ಮರಿ ಆ ಮನೇಲಿ ಹುಟ್ಟೇ ಇರಲಿಲ್ಲ. ಕಂದು ಮರಿಗಳು ಮಕ್ಕಳ ಕೈಲಿ ಕಿವಿ ಎಳೆಸಿಕೊಂಡು, ಮುದುಕರ ಕೋಲು ಕಡಿದು, ಊರೆಲ್ಲಾ ಸುತ್ತಿ ಬೆಳೆದವು. ಬಿಳೀದಕ್ಕೆ ಮಾತ್ರ ಯಾರ ದೃಷ್ಟಿ ತಾಗುತ್ತೋ ಅಂತ ಲಗಮವ್ವ ಹೆದರಿ ಹೆದರಿ, ಕಂಬಳಿ ಮುಚ್ಚಿ ಒಳಗೇ ಸಾಕಿದಳಂತೆ.

ಆಮೇಲೆ ಕುರಿಗಾರ ಹೊಳೆಪ್ಪ ಬಂದ, ಬಿಳೀದೇ ಬೇಕು ಅಂದ, ಮೂರು ಮಡಿಲು ಕಂಡಿದೆಯಾ ತಾಯಿ ಅಂತ ಕೇಳಿದ. ಕಂಡಿದೆ ಅಂದು ಮರೀನ ಕೊಟ್ಟುಬಿಟ್ಟಳಂತೆ ಲಗಮವ್ವ.

ವಾರ ಕಳೀತು, ಹೊಳೆಪ್ಪ ಮರೀನ ಹಗ್ಗ ಕಟ್ಟಿ ಎಳಕೊಂಡು ಬಂದ. ನನ್ನ ಮಗಳು ಮಾಯಕ್ಕ ರೊಟ್ಟಿ ಕೊಡೋಕೆ ಹೋದರೆ ಕೈ ಕಚ್ಚಿದೆ, ಮಗೂನ ಕಚ್ಚಿದ ನಾಯೀನ ನಮ್ಮ ಹಟ್ಟೀಲಿ ಉಳಿಸೋದಿಲ್ಲ, ಇವತ್ತೇ ಕೊಲ್ತೀನಿ ಅಂದ. ಲಗಮವ್ವ ಅವನ ಕಾಲು ಹಿಡಿದಳಂತೆ. ತಪ್ಪು ಅದರದಲ್ಲಪ್ಪಾ, ನನ್ನದು, ನಾನು ನಿನಗೆ ಸುಳ್ಳು ಹೇಳಿದೆ ಅಂತ ಅತ್ತಳಂತೆ. ಹೊಳೆಪ್ಪ ಹಗ್ಗ ಅವಳ ಕೈಗೆ ಕೊಟ್ಟು, ನಮ್ಮ ಕುರಿ ಇನ್ನು ಮೂರು ವಾರ ಇಲ್ಲೇ ಇರ್ತವೆ, ಅಲ್ಲೀವರೆಗೂ ಬಿಟ್ಟಿರ್ತೀನಿ, ಅಷ್ಟರಲ್ಲಿ ಮೂರು ಮಡಿಲು ಕಾಣಿಸು ಅಂದು ಹೋದ.

ಮೊದಲನೇ ವಾರ ಪಕ್ಕದ ಮನೆ ಮುದುಕಿ ಹತ್ತಿರ ಕರಕೊಂಡು ಹೋದಳು. ಮರಿ ಗಡಗಡ ನಡುಗಿ, ನಡುಗಿ, ಕೊನೆಗೊಂದು ದಿನ ಮುದುಕಿ ಪಾದದ ಮೇಲೆ ಗದ್ದ ಇಟ್ಟಿತಂತೆ. ಎರಡನೇ ವಾರ ಒಬ್ಬ ಬಳೆಗಾರ ಬಂದು ಊರ ಚಾವಡೀಲಿ ಇಳಿದ. ಲಗಮವ್ವ ಮರೀನ ಅಲ್ಲಿಗೆ ಕರಕೊಂಡು ಹೋದರೆ, ಬಳೆ ಸದ್ದಿಗೇ ಅದು ಉಚ್ಚೆ ಹೊಯ್ದುಕೊಂಡಿತು. ಆ ಪುಣ್ಯಾತ್ಮ ಅದರ ಕಡೆ ನೋಡದೆ ದಿನಾ ಬುತ್ತಿ ಬಿಚ್ಚಿ ಉಂಡ, ಒಂದು ದಿನ ಅದು ತಾನಾಗೇ ಹೋಗಿ ಅವನ ಕೈತುತ್ತು ತಿಂದಿತು.

ಮೂರನೇ ವಾರ ಯಾವ ತಾಯೀನೂ ಮಗೂನ ಕೊಡಲಿಲ್ಲ. ಹೇಗೆ ಕೊಟ್ಟಾರು? ಕೊನೇ ದಿನ ಹೊಳೆಪ್ಪ ಬಂದ, ಹಿಂದೇನೇ ಮಾಯಕ್ಕ ಬಂದಳು. ನಾನು ಕೂರ್ತೀನಿ ಅಂದಳು. ಅಪ್ಪ ಬೇಡ ಅಂದ, ಲಗಮವ್ವನೂ ಬೇಡ ಅಂದಳು. ಅದಕ್ಕೂ ಭಯ, ನನಗೂ ಭಯ, ಇಬ್ಬರೂ ಒಂದೇ ಅಲ್ವಾ ಅಂತ ಹುಡುಗಿ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳಂತೆ, ಮಡಿಲಲ್ಲಿ ರೊಟ್ಟಿ ಇಟ್ಟುಕೊಂಡು. ಕರೀಲಿಲ್ಲ.

ಲಗಮವ್ವ ಹಗ್ಗ ಬಿಗಿಯಾಗಿ ಹಿಡಿದೇ ಇದ್ದಳು. ಮರಿ ಕುಂಯ್ ಅಂತು, ಸುತ್ತು ಹಾಕಿತು, ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿತು. ಆಮೇಲೆ ರೊಟ್ಟೀನ ಮೂಸೀನೂ ನೋಡದೆ, ಅವತ್ತು ಕಚ್ಚಿದ ಅದೇ ಕೈಯ ಮೇಲೆ ಮುಖ ಇಟ್ಟು ಮಲಗಿತಂತೆ. ಹೊಳೆಪ್ಪ ರುಮಾಲಿನ ಚುಂಗಲ್ಲಿ ಕಣ್ಣೊರೆಸಿಕೊಂಡ. ಲಗಮವ್ವ ಹಗ್ಗ ಮಾಯಕ್ಕನ ಕೈಗೆ ಕೊಟ್ಟಳು.

ಆ ನಾಯಿ ಬಾಳುವಷ್ಟು ಕಾಲ ಅವರ ಕುರಿ ಕಾಯ್ದು, ಮಾಯಕ್ಕನ ಕಾಲ ಹತ್ತಿರಾನೇ ಮಲಗಿತಂತೆ. ಅವತ್ತಿಂದ ಲಗಮವ್ವನ ಮನೇಲಿ ಎಲ್ಲಕ್ಕಿಂತ ಚೆಂದದ ಮರಿ ಯಾವುದೋ, ಅದಕ್ಕೆ ಹಣೆಗೊಂದು ಕಾಡಿಗೆ ಬೊಟ್ಟಿಟ್ಟು, ಅದನ್ನೇ ಎಲ್ಲಕ್ಕಿಂತ ಮೊದಲು ಬೀದಿಗೆ ಬಿಡ್ತಾರಂತೆ.

ಮರಿ ಮಡಿಲು ಸೇರಿತು, ಕತೆ ನಿನ್ನ ದಿಂಬು ಸೇರಿತು. ಇನ್ನು ಮಲಗು.